ಹ್ಯಾಂಡಲ್ ಬಲಬದಿಗಿರಲಿ

ಹಾಯಿಲ್, ಸೌದಿ ಅರೇಬಿಯಾ
ಶುಕ್ರವಾರ

ಪ್ರೀತಿಯ ಮಾವನವರಿಗೆ,

ಅಸ್ಸಲಾಮು ಅಲೈಕುಂ. ನಿಮ್ಮ ಗಾಳದ ಅಂಗಡಿಯಿಂದ ನನಗೆಂದು ಕಳುಹಿಸಿದ ರೀಲನ್ನು, ಊರಿಗೆ ಹೊರಟಿರುವ ಬಾಸಿತ್ ಕೈಯಲ್ಲಿ ವಾಪಸು ಕೊಟ್ಟಿದ್ದೇನೆ. ಬೇಸರಿಸಬೇಡಿ, ರೀಲು ಚೆನ್ನಾಗಿದೆ. ಆದರೆ ಅದರ ಹ್ಯಾಂಡಲ್ ಎಡಬದಿಗಿದೆ. ಅದು ನನ್ನಂಥ ಬಲಗೈಯವರಿಗೆ ಸರಿ. ಎಡಗೈಯಲ್ಲಿ ಎಸೆದು ಬಲಗೈಯಲ್ಲಿ ದಾರ ಸುತ್ತುವವರಿಗೆ ಬಲಬದಿಯದೇ ಬೇಕು.

ನನ್ನನ್ನು ಕೆಲಸಕ್ಕಿಟ್ಟಿರುವ ಕಫೀಲರು ತಮ್ಮ ತೋಟದ ನೀರಾವರಿ ಕೊಳದಲ್ಲಿ ಬಾಸ್ ಎಂಬ ಸಿಹಿನೀರಿನ ಮೀನು ಬಿಟ್ಟಿದ್ದಾರೆ. ಬಹಳ ಹುಷಾರಿನ ಮೀನು. ನಾನು ಎಸೆದರೆ ಪ್ಲಾಸ್ಟಿಕ್ ಮೀನಿನ ಲೂರ್ ಕಲ್ಲಿನ ಹಾಗೆ ಬಿದ್ದು ಕೊಳಕ್ಕೆಲ್ಲ ಸುದ್ದಿಯಾಗುತ್ತದೆ. ತೋಟದ ಹಳೆಯ ಗಾಳದ ರಾಡಿನಲ್ಲೇ ಹಫ್ಸಾ ಎಸೆದರೆ, ಅದು ಜೊಂಡಿನ ಅಂಚಿಗೆ ಎಲೆ ಉದುರಿದ ಹಾಗೆ ಬೀಳುತ್ತದೆ. ಕಫೀಲರ ಹೆಂಡತಿ ಚಹಾ ಆರಲು ಬಿಟ್ಟು ನಿಮ್ಮ ಮಗಳನ್ನೇ ನೋಡುತ್ತಿರುತ್ತಾರೆ.

ಚಿಕ್ಕಂದಿನಲ್ಲಿ ಅವಳು ಅಂಗಡಿಯಲ್ಲಿ ಗಾಳ ಹಿಡಿದಾಗಲೆಲ್ಲ, "ಎಂತ ಹಫ್ಸಾ, ಎಡಗೈಯಲ್ಲಿ ಹಿಡಿದರೆ ಬರಕತ್ ಇರ್ತದಾ, ಸಿಕ್ಕಿದ್ದು ಸಾಕಾಗ್ತದಾ?" ಎಂದು ನೀವು ಕಿತ್ತುಕೊಳ್ಳುತ್ತಿದ್ದಿರಂತೆ. ನಗುತ್ತಲೇ ಹೇಳಿದಳು. ನಿಮ್ಮಲ್ಲಿ ರೀಲು ಕೇಳಲು ಮಾತ್ರ ಒಪ್ಪಲಿಲ್ಲ. ಫೋನಿನಲ್ಲಿ ಹೇಳಿದರೆ ಅವಳಿಗೆ ಕೇಳಿಸುತ್ತದೆಂದು ಈ ಕಾಗದ.

ದಾರ ತೆಳುವಾದದ್ದು, ನೀರಿನಲ್ಲಿ ಕಾಣದಂಥದ್ದು ಇರಲಿ. ರಾಡ್ ಹಗುರವಿರಲಿ. ಲೂರ್ ಮಾತ್ರ ಅಂಗಡಿಯ ಹುಡುಗರಿಗೆ ಬಿಡದೆ ನೀವೇ ಆರಿಸಿ. ನೀವು ಆರಿಸಿದ್ದೆಂದು ಅವಳಿಗೆ ನೋಡಿದರೇ ತಿಳಿಯುತ್ತದೆ.

ಇವತ್ತು ಹಿಡಿದದ್ದನ್ನು ತೋಟದ ನಾಲ್ಕು ಮನೆಗಳಿಗೆ ಹಂಚಿದಳು. ಆಮೇಲೂ ನಮ್ಮ ಸಾರಿಗೆ ಮೀನು ಉಳಿದಿತ್ತು, ಮಾವ.

ನಿಮ್ಮ ಅಳಿಯ,
ಶಹೀರ್