ಮಾವನವರ ಬಿಳಿ ಮಾತ್ರೆಗಳು

ಲಿಪೋವೊ
೧೩ ನವೆಂಬರ್, ಬುಧವಾರ

ಪ್ರೀತಿಯ ಅತ್ತೆಯವರಿಗೆ,

ಮಂಡಿ ಹೇಗಿದೆ? ಮೊದಲು ಅದನ್ನು ಹೇಳಿ. ಬಿಸಿ ಮಣ್ಣಿನ ಪಟ್ಟಿ ಕಟ್ಟಿದರೆ ಜೀವ ಹೋಗುತ್ತದೆ, ಬಿಚ್ಚಿದರೆ ಜೀವ ಬರುತ್ತದೆ ಎಂದು ನಿಮ್ಮ ಮಗಳು ಒಟಿಲಿಯಾಳ ಹತ್ತಿರ ಅಂದಿರಂತೆ. ಕೋಣೆಯ ಜೊತೆಗಾತಿಯ ಗೊರಕೆ ಕಡಿಮೆಯಾಯಿತೇ? ಆರೋಗ್ಯಧಾಮದ ಸಂಜೆಯ ನೃತ್ಯದ ಕಡೆ ತಲೆಹಾಕಿಯೂ ಮಲಗುವುದಿಲ್ಲ ಎಂದು ಮಾವನ ಮುಂದೆ ಹೇಳಿ ಹೋದಿರಿ. ಆದರೆ ಪೆಟ್ಟಿಗೆಯ ತಳದಲ್ಲಿ ಕೆಂಪು ಶೂ ಇಟ್ಟಿದ್ದನ್ನು ನಾನು ನೋಡಿದ್ದೇನೆ. ಯಾರಿಗೂ ಹೇಳಿಲ್ಲ, ಹೆದರಬೇಡಿ.

ದಿನಾ ಫೋನಿನಲ್ಲಿ ಮಾತಾಡುವ ಅಳಿಯ ಕಾಗದ ಯಾಕೆ ಬರೆದ ಎಂದು ನಿಮಗೆ ಅನಿಸುತ್ತಿರಬಹುದು. ಫೋನ್ ಮಾಡುವಾಗಲೆಲ್ಲ ಮಾವ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂರುತ್ತಾರೆ. ಅದೂ ಅಲ್ಲದೆ, ಶನಿವಾರ ನಡೆದದ್ದರ ಬಗ್ಗೆ ಫೋನಿನಲ್ಲಿ ಒಂದಕ್ಷರವೂ ಬಾಯಿ ಬಿಡುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೇನೆ. ಕಾಗದದ ಸುದ್ದಿ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎದೆ ಹೊಡೆದುಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ: ಅವರು ಆರಾಮಾಗಿದ್ದಾರೆ. ನಾನಿದನ್ನು ಮಹಡಿಯಲ್ಲಿ ಕೂತು ಬರೆಯುತ್ತಿದ್ದರೆ, ಕೆಳಗಿನ ಅಡುಗೆಮನೆಯಲ್ಲಿ ರೇಡಿಯೋ ಜೋರಾಗಿ ಹಾಕಿಕೊಂಡು ಬಟಾಣಿ ಸೂಪಿಗೆ ಉಪ್ಪು ಸಾಲದು ಎಂದು ನಿಮ್ಮ ಮಗಳನ್ನು ರೇಗಿಸುತ್ತಿದ್ದಾರೆ.

ಶನಿವಾರ ಮಧ್ಯಾಹ್ನ ಅವರ ಮೂಗಿನಿಂದ ರಕ್ತ ಬಂತು. ಟವೆಲಿನಲ್ಲಿ ಒತ್ತಿ ಹಿಡಿದು, ಹೀಟರಿನ ಬಿಸಿಗೆ ಮೂಗು ಒಣಗಿದೆ ಅಂದರು. ಶುಕ್ರವಾರವೂ ಬಂದಿತ್ತಂತೆ. ನನಗೆ ಯಾಕೋ ಅನುಮಾನ ಬಂದು, ನೀವು ತುಂಬಿಸಿಟ್ಟು ಹೋದ ಮಾತ್ರೆ ಡಬ್ಬಿ ತೆರೆದು ನೋಡಿದೆ. ಶನಿವಾರದ ಗೂಡಿನಲ್ಲಿ ಮೂರು ಬಿಳಿ ಮಾತ್ರೆ, ಭಾನುವಾರದ್ದರಲ್ಲಿ ಒಂದೂ ಇಲ್ಲ. ಏನಿದು ಮಾವ ಎಂದರೆ, "ಗುರುವಾರ ಕೈ ಜಾರಿ ಬಿತ್ತಪ್ಪ. ಎಲ್ಲಾ ಹೆಕ್ಕಿ ಹಾಕಿದೀನಲ್ಲ" ಅಂದರು. ಯಾವುದು ಯಾವುದೆಂದು ನೋಡಿ ಹಾಕಿದಿರಾ ಎಂದು ಕೇಳಿದ್ದಕ್ಕೆ, "ಎಲ್ಲಾ ಬಿಳೀನೇ ಅಲ್ವೇನಯ್ಯಾ? ಹೊಟ್ಟೆಗೆ ಹೋದ್ಮೇಲೆ ಅವೇ ತಮ್ಮತಮ್ಮ ದಾರಿ ನೋಡ್ಕೋತವೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ರಕ್ತ ತೆಳ್ಳಗಾಗಿಸುವ ಮಾತ್ರೆಯೂ ಬಿ.ಪಿ. ಮಾತ್ರೆಯೂ ಒಂದೇ ಗಾತ್ರ ಎಂಬುದು ನನಗೂ ಗೊತ್ತು. ನೀವು ಮೂರು ವಾರಕ್ಕೆಂದು ಮೂರು ಡಬ್ಬಿ ತುಂಬಿಸುವುದರಲ್ಲಿ ಹಳೆಯ ಪ್ಯಾಕೆಟ್ಟುಗಳು ಖಾಲಿಯಾಗಿದ್ದವು. ಯಾವ ಮಾತ್ರೆ ಯಾವುದೆಂದು ತಿಳಿಯಲು ಹೆಸರಿರುವ ಪ್ಯಾಕೆಟ್ ಮನೆಯಲ್ಲಿ ಒಂದೂ ಇರಲಿಲ್ಲ. ಫ್ರಿಜ್ಜಿನ ಬಾಗಿಲಿಗೆ ನೀವು ಅಂಟಿಸಿದ್ದ ಚೀಟಿ, ಅದೇ, ಮುಂದಿನ ತಿಂಗಳ ಮಾತ್ರೆಗೆ ಅಂಗಡಿಯಲ್ಲಿ ಹೇಳಲು ಡಾಕ್ಟರು ಕೊಟ್ಟ ನಾಲ್ಕಂಕಿಯ ಸಂಕೇತದ ಚೀಟಿ, ಕಿತ್ತುಕೊಂಡು, ಮಾತ್ರೆ ಡಬ್ಬಿಯನ್ನೂ ಜೇಬಿಗಿಳಿಸಿ, ಅವರಿಗೆ ಕೋಟು ತೊಡಿಸಿ ಹೊರಟೆ.

ಅತ್ತೆ, ಹನ್ನೊಂದು ವರ್ಷದಿಂದ ಈ ಊರಿನಲ್ಲಿದ್ದೇನೆ. ಔಷಧದಂಗಡಿ ಎಷ್ಟು ಗಂಟೆಗೆ ಮುಚ್ಚುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಜ್ವರ ಬಂದರೆ ನೀವು ಮೆಟ್ಟಿಲ ಮೇಲೆ ಮಾತ್ರೆ ತಂದಿಡುತ್ತಿದ್ದಿರಿ, ನಾನು ನುಂಗುತ್ತಿದ್ದೆ. ಅಷ್ಟೇ ನನ್ನ ಜ್ಞಾನ. ಚೌಕದ ಅಂಗಡಿಗೆ ಹೋಗುವಷ್ಟರಲ್ಲಿ ಎರಡು ಗಂಟೆ ಹತ್ತು ನಿಮಿಷ. ಬೀಗ ಬಿದ್ದಿತ್ತು. ಭಾನುವಾರ ಇಲ್ಲ, ಸೋಮವಾರ ಹನ್ನೊಂದನೇ ತಾರೀಖು ಸ್ವಾತಂತ್ರ್ಯ ದಿನದ ರಜೆ, ಇನ್ನು ಮಂಗಳವಾರವೇ ತೆರೆಯುವುದು ಎಂದು ಬಾಗಿಲಿಗೆ ಕಾಗದ ಅಂಟಿಸಿದ್ದರು. ರೈಲು ನಿಲ್ದಾಣದ ಎದುರಿನ ಅಂಗಡಿ ತೆರೆದಿತ್ತು, ಮಾತ್ರೆ ಇರಲಿಲ್ಲ. ಆದರೆ ಅಲ್ಲಿನ ಹೆಂಗಸು ಪುಣ್ಯವಂತೆ. ಕಂಪ್ಯೂಟರಿನಲ್ಲಿ ಹುಡುಕಿ, "ಎರಡು ಸ್ಟೇಷನ್ ಆಚೆ ಗ್ರಾಬಿನಾದಲ್ಲಿದೆ. ನಿಮ್ಮ ಹೆಸರಲ್ಲಿ ಎತ್ತಿಡಿ ಅಂತ ಹೇಳ್ತೀನಿ, ಓಡಿ" ಎಂದು ನಮ್ಮೆದುರೇ ಫೋನ್ ಮಾಡಿದಳು.

ನಿಲ್ದಾಣದಲ್ಲಿ ಮಾವ ನನ್ನ ತೋಳು ಹಿಡಿದು, "ಯಾವ ಪ್ಲಾಟ್‌ಫಾರಂ ಅಂತ ಬರ್ದಿದಾರೆ?" ಎಂದು ಕೇಳಿದರು. ಇದೇ ಹಳಿಯ ಮೇಲೆ ಮೂವತ್ತೊಂದು ವರ್ಷ ರೈಲು ಓಡಿಸಿದವರು! ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಗ್ರಾಬಿನಾದ ಅಂಗಡಿಯಲ್ಲಿ ಜನವೋ ಜನ, ಟೋಕನ್ ತೆಗೆದುಕೊಂಡು ಕಾಯಬೇಕು. ಟೋಕನನ್ನು ಅವರ ಕೈಗೆ ಕೊಟ್ಟು, ಒಟಿಲಿಯಾಗೆ ಫೋನ್ ಮಾಡಲು ಬಾಗಿಲ ಹತ್ತಿರ ಹೋದೆ. ತಿರುಗಿ ನೋಡಿದರೆ ನಮ್ಮ ನಂಬರ್ ಪರದೆಯ ಮೇಲೆ ಕೆಂಪಗೆ ಮಿನುಗುತ್ತಿದೆ, ಮಾವ ಅದನ್ನೇ ನೋಡುತ್ತಾ ಕಂಬದಂತೆ ನಿಂತಿದ್ದಾರೆ. ಹಿಂದಿದ್ದ ಅಜ್ಜಿಯೊಬ್ಬಳು, "ಏನ್ರೀ, ನಿಂತ್ಕೊಂಡೇ ನಿದ್ದೆ ಮಾಡ್ತಿದೀರಾ? ನಮಗೂ ಮನೆಮಠ ಇದೆ" ಎಂದು ಗದರಿದಳು. ಮಾವ ತಡಬಡಾಯಿಸಿ, "ಕನ್ನಡಕ ಮನೇಲಿ ಬಿಟ್ಟುಬಂದೆ ಕಣಮ್ಮಾ" ಅಂದರು. ಕನ್ನಡಕ ಅವರ ಮೂಗಿನ ಮೇಲೇ ಇತ್ತು.

ಅಂಗಡಿಯಲ್ಲಿ ಯಾರೂ ನಗಲಿಲ್ಲ. ಆ ಅಜ್ಜಿಯೇ ಅವರ ಮೊಳಕೈ ಹಿಡಿದು ಕೌಂಟರಿನ ತನಕ ಕರೆತಂದಳು. ಔಷಧಿ ಕೊಡುವ ಹುಡುಗಿ ಡಬ್ಬಿಯನ್ನು ತಟ್ಟೆಗೆ ಸುರಿದು, ಮಾತ್ರೆಗಳನ್ನು ಬೇರೆ ಮಾಡುತ್ತಾ, "ತಾತ, ಎಷ್ಟು ದಿನದಿಂದ ಕಾಣ್ತಿಲ್ಲ?" ಎಂದು ಮೆತ್ತಗೆ ಕೇಳಿದಳು. ಮಾವ ಕನ್ನಡಕ ತೆಗೆದು ಕೌಂಟರಿನ ಮೇಲಿಟ್ಟರು. ಆಮೇಲೆ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಬೇಸಿಗೆಯಿಂದ. ನಮ್ಮವಳು ಮಂಡಿ ಚಿಕಿತ್ಸೆಯ ಸರದಿಗೆ ಅಂತ ಎರಡು ವರ್ಷ ಕಾದು ಕೂತಿದ್ಲು. ನನ್ನ ಕಣ್ಣಿನ ವಿಷಯ ಗೊತ್ತಾಗಿದ್ರೆ ಅವಳು ಹೋಗ್ತಿದ್ಲಾ? ಪೆಟ್ಟಿಗೆ ಬಿಚ್ಚಿ ಬಟ್ಟೆ ವಾಪಸ್ ಬೀರುಗಿಡ್ತಿದ್ಲು."

ಆ ಹುಡುಗಿಗೆ ಮಾತ್ರೆಗಳ ಲೆಕ್ಕ ಸರಿ ಕಾಣಲಿಲ್ಲ. ಎರಡು ದಿನ ಅವರು ರಕ್ತದ ಮಾತ್ರೆಯನ್ನೇ ಎರಡು ಮೂರು ಪಟ್ಟು ನುಂಗಿದ್ದರು. ರಸ್ತೆಯಾಚೆ ರಜಾದಿನದ ಡಾಕ್ಟರಿದ್ದಾರೆ, ಈಗಲೇ ಹೋಗಿ ಎಂದು ನಮ್ಮನ್ನು ಅಟ್ಟಿದಳು. ರಕ್ತ ಪರೀಕ್ಷೆಯ ಫಲಿತಾಂಶ ಬರುವ ತನಕ ಮಾವ ನನ್ನ ಕೈ ಬಿಡಲಿಲ್ಲ. ಫುಟ್‌ಬಾಲ್ ಬಿಟ್ಟರೆ ನಾವಿಬ್ಬರೂ ಬೇರೇನೂ ಮಾತಾಡಿದವರಲ್ಲ, ನಿಮಗೇ ಗೊತ್ತಲ್ಲ. ಇನ್ನೆರಡು ದಿನ ಹೀಗೇ ನುಂಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಆ ಮಾತ್ರೆ ಸ್ವಲ್ಪ ದಿನ ನಿಲ್ಲಿಸಿ, ಮಂಗಳವಾರ ಮತ್ತೆ ಪರೀಕ್ಷೆ ಮಾಡಿಸಿ ಎಂದು ಕಳಿಸಿದರು. ನಿನ್ನೆ ಮಾಡಿಸಿದೆವು, ಎಲ್ಲ ಸರಿಯಿದೆ. ಹೊಸ ಪ್ಯಾಕೆಟ್ಟುಗಳ ಮೇಲೆ ಆ ಹುಡುಗಿ ದಪ್ಪ ಪೆನ್ನಿನಲ್ಲಿ ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆದುಕೊಟ್ಟಿದ್ದಾಳೆ. "ಆಲೂಗಡ್ಡೆ ಬರ್ದಿದೀಯಲ್ಲಮ್ಮ" ಎಂದು ಮಾವ ಅವಳನ್ನು ರೇಗಿಸಿಯೇ ಬಂದರು. ಈಗ ಎರಡು ಹೊತ್ತೂ ನಾನೇ ಎದುರು ನಿಂತು ಕೊಡುತ್ತೇನೆ.

ಕಣ್ಣಿನ ಡಾಕ್ಟರಿಗೂ ನಿನ್ನೆಯೇ ತೋರಿಸಿದೆ. ಎರಡೂ ಕಣ್ಣಿಗೆ ಪೊರೆ ಬಂದಿದೆ, ತೆಗೆದರೆ ಚೆನ್ನಾಗಿ ಕಾಣುತ್ತದಂತೆ. ಬಲಗಣ್ಣಿಗೆ ಜನವರಿ ಎಂಟಕ್ಕೆ ದಿನ ಕೊಟ್ಟಿದ್ದಾರೆ. ಒಂದೇ ಮನೆಯಲ್ಲಿದ್ದೂ ನನಗೆ ತಿಳಿಯಲಿಲ್ಲವಲ್ಲ ಎಂಬುದೇ ಸಂಕಟ. ಕಾಫಿ ಲೋಟದಾಚೆ ಚೆಲ್ಲಿದರೆ ಕೈ ನಡುಗಿತು ಅಂದುಕೊಂಡೆ, ಬೀದಿಯಲ್ಲಿ ಮಾತಾಡಿಸದೆ ಹೋದರೆ ಮುನಿಸು ಅಂದುಕೊಂಡೆ. ದಯವಿಟ್ಟು ಅರ್ಧಕ್ಕೆ ಎದ್ದು ಬರಬೇಡಿ. ನೀವು ಬಂದರೆ ಅವರು ಬೇಸಿಗೆಯಿಂದ ಬಾಯಿ ಮುಚ್ಚಿಕೊಂಡಿದ್ದು ವ್ಯರ್ಥವಾಗುತ್ತದೆ. ಮಂಡಿ ಪೂರ್ತಿ ವಾಸಿ ಮಾಡಿಕೊಳ್ಳಿ.

ಒಟಿಲಿಯಾ ನಿಮಗೆ ಮುತ್ತು ಕಳಿಸಿದ್ದಾಳೆ. ಪಕ್ಕದ ಮನೆಯವರೂ ನಿಮ್ಮನ್ನು ಕೇಳಿದರು. ದೇವಮಾತೆ ನಿಮ್ಮನ್ನು ಕಾಯಲಿ.

ನಿಮ್ಮ ಅಳಿಯ,
ಕಾಯೆತಾನ್

ತಾ.ಕ.: ಲಕೋಟೆ ಅಂಟಿಸಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ, ಅಂಚೆಯವನು ಬರುವ ಹೊತ್ತಾಯಿತು. ಇಪ್ಪತ್ತನಾಲ್ಕಕ್ಕೆ ನಿಮ್ಮನ್ನು ಕರೆದುಕೊಂಡು ಬರಲು ಮಾವ ಒಬ್ಬರೇ ನಿಲ್ದಾಣಕ್ಕೆ ಬರುತ್ತಾರಂತೆ. ನಾವ್ಯಾರೂ ಜೊತೆಗೆ ಹೋಗಕೂಡದು ಎಂದು ಹಟ. ನಾನು ಟಿಕೆಟ್ ಕಿಟಕಿಯ ಹಿಂದೆ ಮರೆಯಲ್ಲಿರುತ್ತೇನೆ. ಎರಡು ಮಾರು ಆಚೆಯ ಮುಖ ಅವರಿಗೆ ಗುರುತು ಸಿಗುವುದಿಲ್ಲ. ಇಳಿದ ತಕ್ಷಣ, ಅವರು ಅವರಿವರ ಮುಖ ಹುಡುಕಲು ಶುರುಮಾಡುವ ಮೊದಲೇ, ನೀವೇ ಅವರ ಹೆಸರು ಹಿಡಿದು ಜೋರಾಗಿ "ಕ್ಲೆಮೆನ್ಸ್" ಎಂದು ಕೂಗಿ.