ಮಾವನವರ ಮುಚ್ಚಿದ ಕಣ್ಣು

ಜೂನ್ ೧೨, ಕೊಂಡ್ಲಹಳ್ಳಿ.

ಕುರಿ ಸಾಕಣೆಯ ನನ್ನ ಬ್ಲಾಗಿಗೆ ಮಾವ ಜುಂಜಣ್ಣನವರು ಕಣ್ಣು ಮುಚ್ಚಿರುವ ಫೋಟೋ ನಾನು ಹಾಕಿದ್ದೇ ತಪ್ಪಾಯಿತು. ನೆಂಟರೆಲ್ಲ ಅಳುತ್ತಾ ಫೋನ್ ಮಾಡುತ್ತಿದ್ದಾರೆ. ಬಿ.ಜಿ. ಕೆರೆ ಊರಿನ ನೆಂಟರಂತೂ ಹಾರ ಹಿಡಿದು ಹೊರಟೇಬಿಟ್ಟಿದ್ದರು.

"ನಾನಿನ್ನೂ ಮುದ್ದೆ ಉಣ್ತಾ ಇದೀನಿ, ನೀನು ಸಾಯಿಸೇಬಿಟ್ಯಲ್ಲ ಸ್ವಪ್ನಾ!" ಎಂದು ಮಾವ ಕೂಗಾಡಿದರು.

ತಕ್ಷಣ ಕಣ್ಣು ಬಿಟ್ಟಿರುವ ಬೇರೆ ಫೋಟೋ ಹಾಕಿದೆ. ಆದರೂ ಅವರ ಫೋನಿನಲ್ಲಿ ಹಳೆಯದೇ ಕಾಣುತ್ತಿತ್ತು. "ಸುಳ್ಳು ಬೇರೆ ಹೇಳ್ತೀಯಾ?" ಎಂದರು. ನನಗೆ ಬ್ಲಾಗನ್ನೇ ಕಿತ್ತುಹಾಕುವಷ್ಟು ಸಿಟ್ಟು ಬಂತು. ಕೊನೆಗೆ ಚಳ್ಳಕೆರೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಗೋವರ್ಧನನನ್ನು ಕೇಳಿದೆ.

"ಫೋನು ಹಳೇ ಪುಟನೇ ಹಿಡ್ಕೊಂಡು ಕುಂತೈತೆ ಅಕ್ಕಾ. ಅದಕ್ಕೆ ಕ್ಯಾಶೆ ಅಂತಾರೆ, ಅದನ್ನ ಅಳಿಸಿ, ಸರಿ ಹೋಗ್ತೈತೆ."

ಅಳಿಸಿದೆ. ಮಾವನವರು ಕಣ್ಣು ಬಿಟ್ಟರು.

ನನಗೆ ಕಣ್ಣು ಎಳೆಯುತ್ತಿದೆ. ಹಜಾರದಲ್ಲಿ ಅವರು ಇನ್ನೂ ಯಾರಿಗೋ ಫೋನಿನಲ್ಲಿ ಗದರುತ್ತಿದ್ದಾರೆ: "ಅಳೋದು ಆಮೇಲೆ, ಮೊದ್ಲು ಕ್ಯಾಶೆ ಅಳಿಸ್ರಿ!"