ಇನ್ನೊಂದು ಮರಿ ಕೊಡಿಸುವುದಿಲ್ಲ

ಅಲ್ಲಾಳಸಂದ್ರ
ಭಾನುವಾರ

ಉಮೇಶಣ್ಣನವರಿಗೆ ನಮಸ್ಕಾರ.

ನಿಮ್ಮ ಭಾವಮೈದುನನಿಗೂ ಒಂದು ರಾಟ್‌ವೈಲರ್ ನಾಯಿಮರಿ ಕೊಡಿಸು ಎಂದು ಹೇಳಿ ಕಳಿಸಿದ್ದೀರಿ. ಕೊಡಿಸುವುದಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಇಡುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ರಾಜನನ್ನು ಮರಿಯಾಗಿ ತಂದಾಗ ಮಡಿಲಲ್ಲಿ ಕೂರಿಸಿಕೊಂಡು ಫೋಟೊ ತೆಗೆಸಿಕೊಂಡಿರಿ. ಬೆಳೆದ ಮೇಲೆ ಒಂದು ದಿನವೂ ಮುಟ್ಟಿಲ್ಲ. ಈಗ ಯಾರೋ ಹೇಳಿದರೆಂದು ಅದನ್ನು ಕತ್ತಲ ಕೋಣೆಯಲ್ಲಿ ಕೂಡಿಹಾಕಿದ್ದೀರಿ. "ಅನ್ನಕ್ಕೆ ಖಾರದ ಪುಡಿ ಕಲ್ಸಿ ಹಾಕಮ್ಮ, ಆಗ್ಲೇ ಅದಕ್ಕೆ ರೋಷ ಬರೋದು" ಎಂದಿರಿ. ನಾನು ಹಾಕಲಿಲ್ಲ, ಹಾಕುವುದೂ ಇಲ್ಲ. "ಒಂಬತ್ತನೇ ಕ್ಲಾಸ್ ಬಿಟ್ಟೋಳು, ನಂಗೇ ಬುದ್ಧಿ ಹೇಳ್ತೀಯಾ?" ಎಂದು ನಕ್ಕಿರಿ. ಶಾಲೆ ಬಿಟ್ಟದ್ದು ನಿಜ. ಬಾಯಿ ಉರಿಯುತ್ತಿರುವ ನಾಯಿಗೆ ಕಳ್ಳ ಯಾರು, ನಿಮ್ಮ ಮಗಳು ಯಾರು ಎಂದು ಗೊತ್ತಾಗುವುದಿಲ್ಲ ಎಂಬುದೂ ನಿಜ.

ಮರಿ ಬೇಕೆನ್ನುವವರು ಮೊದಲು ಒಂದನ್ನು ಯೋಚಿಸಲಿ. ದಿನವೂ ಅದರ ಜೊತೆ ಕೆರೆಯವರೆಗೆ ನಡೆಯುವವರು ಯಾರು? ಸಂಬಳ ಕೊಟ್ಟು ನನ್ನನ್ನು ಕಳಿಸಿದರೆ ಅದು ನನ್ನ ಮಾತನ್ನೇ ಕೇಳುತ್ತದೆ. ಮನೆಯ ಯಜಮಾನರು ನೀವೆಂದು ಅದಕ್ಕೆ ಯಾರು ಹೇಳಬೇಕು?

ನಾಳೆ ಬೆಳಿಗ್ಗೆ ಬರುತ್ತೇನೆ. ನಾನು ಪಕ್ಕದಲ್ಲೇ ನಿಂತಿರುತ್ತೇನೆ, ಕೋಣೆಯ ಬಾಗಿಲು ತೆಗೆದು ಹಗ್ಗ ಹಿಡಿಯಬೇಕಾದವರು ನೀವು. ಹೆದರಿಕೆಯಾದರೆ ಹೇಳಿ, ತಪ್ಪಿಲ್ಲ. ಆದರೆ ಆಗ ರಾಜನನ್ನು ನನಗೇ ಬಿಟ್ಟುಕೊಡಿ. ನಾಯಿ ನಮ್ಮ ಮನೆಯೊಳಗೆ ಬರಕೂಡದು ಎಂದು ನನ್ನ ಅಮ್ಮಿ ಹೇಳಿಯಾಗಿದೆ. ಟೆರೇಸಿನಲ್ಲಿ ಅದಕ್ಕೆ ಜಾಗ ಮಾಡಿದ್ದೇನೆ. ನನ್ನ ಚಾಪೆಯನ್ನೂ ಅಲ್ಲಿಗೇ ಒಯ್ದಿದ್ದೇನೆ.

ಇಂತಿ,
ರಾಜನನ್ನು ಓಡಾಡಿಸುವ ರುಮಾನಾ